ಕೈಗಳ ಮೇಲೆ ಕೂರುತ್ತಿದ್ದ ವಿಶಾಖಾ

ಯಾರಿಗಾದರೂ ಏನಾದರೂ ಕಲಿಸಲು ಕುಳಿತಾಗ ವಿಶಾಖಾ ಮೊದಲು ತನ್ನ ಎರಡೂ ಅಂಗೈಗಳನ್ನು ತೊಡೆಗಳ ಕೆಳಗೆ ಇಟ್ಟುಕೊಂಡು ಅವುಗಳ ಮೇಲೆ ಗಟ್ಟಿಯಾಗಿ ಕೂರುತ್ತಿದ್ದಳು. ನೋಡಿದವರು ಚಳಿಗೆ ಹಾಗೆ ಕೂತಿದ್ದಾಳೆ ಎಂದುಕೊಳ್ಳಬೇಕು. ಆದರೆ ಆ ವರ್ಷ ನಮ್ಮ ಕಡೆ ಪುಷ್ಯ ಮಾಸದಲ್ಲೂ ಚಳಿ ಬಿದ್ದಿರಲಿಲ್ಲ. ಹೀಗ್ಯಾಕೆ ಎಂದು ಒಮ್ಮೆ ಕೇಳಿದೆ. ನಕ್ಕಳು.

"ಈ ಕೈ ಭಾಳ ಹರಾಮಖೋರ ಅವ ಅಕ್ಕ. ಬಿಟ್ಟರ ನೀವು ಮಾಡೋ ಕೆಲಸ ತಾವೇ ಮಾಡಿ ಮುಗಸ್ತಾವ. ಆಮ್ಯಾಲ ನಿಮಗ ಎಲ್ಲಿ ತ್ರಾಸ ಆಯ್ತು ಅಂತ ನನಗ ಹ್ಯಾಂಗ ಗೊತ್ತಾಗಬೇಕು?"

ಅವಳು ಔರಾದದ ಹುಡುಗಿ. ಹುಡುಗಿ ಎನ್ನುತ್ತೇನೆ, ಆಗಲೇ ಮೂವತ್ತು ದಾಟಿತ್ತು. ಬೀದರಿನ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಕಲಿಸುತ್ತಿದ್ದಳು. ಕಡ್ಡಿಯಂಥ ಮೈ, ಹೆಗಲಿಗೆ ಖಾದಿ ಚೀಲ, ಚೀಲದಲ್ಲಿ ಹಳೆಯ ಲ್ಯಾಪ್‌ಟಾಪು. ಪ್ರತಿ ಶನಿವಾರ ಬಸ್ಸಿನ ಧೂಳು ಕೊಡವುತ್ತ ನಮ್ಮ ಮನೆಯ ಮುಂದೆ ಇಳಿಯುತ್ತಿದ್ದಳು. ನಮ್ಮದು ಭಾಲ್ಕಿ ತಾಲೂಕಿನಲ್ಲಿ, ಸಾಯಗಾಂವದ ಆಚೆಗಿನ ಸಣ್ಣ ಊರು. ಮನೆಯ ಎದುರಿಗೇ ಸಮುದಾಯ ಭವನ. ಅದರ ಕೀಲಿಕೈ ಮೊದಲಿನಿಂದಲೂ ನಮ್ಮ ಮನೆಯಲ್ಲೇ. ನಮ್ಮ ಮನೆಯವರು ಬೀದರಿನ ಗಾಂಧಿ ಗಂಜಿನಲ್ಲಿ ಒಂದು ಅಡತಿ ಅಂಗಡಿಯ ಗುಮಾಸ್ತರು, ಭಾನುವಾರಕ್ಕೊಮ್ಮೆ ಬರುವವರು. ಉಳಿದ ದಿನ ಮನೆಯಲ್ಲಿ ನಾನು, ನಮ್ಮ ಅತ್ತೆ.

ಎರಡು ವರ್ಷ ಮಳೆ ಹೋಗಿತ್ತು. ನಮ್ಮ ಓಣಿಯಲ್ಲೇ ಹನ್ನೊಂದು ಮನೆಗಳು ಖಾಲಿಯಾದವು. ಕೆಲವರು ಹೈದರಾಬಾದಿಗೆ, ಕೆಲವರು ಪುಣೆಗೆ, ಕಟ್ಟಡದ ಕೆಲಸ ಹುಡುಕಿಕೊಂಡು ಹೋದರು. ಭವನದಲ್ಲಿ ಮದುವೆಯಿಲ್ಲ, ಮುಂಜಿಯಿಲ್ಲ. ಮುಂದಿನ ಅಂಗಳದಲ್ಲಿ ಟ್ಯಾಂಕರ್ ನಿಲ್ಲುತ್ತಿತ್ತು, ಒಳಗೆ ಕೊಡಗಳ ಸಾಲು. ಊರು ಬಿಟ್ಟವರು ಹೊತ್ತಲ್ಲದ ಹೊತ್ತಿನಲ್ಲಿ ಯಾರ್‍ಯಾರಿಗೋ ಫೋನು ಮಾಡಿ ಕೇಳುತ್ತಿದ್ದರು: ರೇಷನ್ ಎಂದು ಕೊಡ್ತಾರೆ? ಟ್ಯಾಂಕರ್ ಬಂತೇ? ನಮ್ಮ ಮನೆ ನಿಂತಿದೆಯೇ? ಇದಕ್ಕೆಲ್ಲ ಒಂದೇ ಕಡೆ ಉತ್ತರ ಇರಲಿ ಎಂದು ಭವನದ ಅಧ್ಯಕ್ಷರು ಒಂದು ವೆಬ್‌ಸೈಟ್ ಮಾಡಿಸಲು ಹೊರಟರು. ನಾವೆಲ್ಲ ಅವರನ್ನು ಕಾಕಾ ಎನ್ನುತ್ತೇವೆ. ಬಸ್ ಚಾರ್ಜು, ಮಧ್ಯಾಹ್ನದ ಊಟ ಇಷ್ಟಕ್ಕೇ ಒಪ್ಪಿಕೊಂಡವಳು ವಿಶಾಖಾ. ಊಟ ನಮ್ಮ ಮನೆಯಲ್ಲಿ.

ಇಲ್ಲೊಂದು ಮಾತು ಮುಚ್ಚಿಡದೆ ಹೇಳಬೇಕು. ಅವಳು ಬೌದ್ಧ ಧರ್ಮಕ್ಕೆ ಸೇರಿದ ದಲಿತರ ಮನೆಯವಳು. ಮೊದಲ ಶನಿವಾರ ಅವಳು ನೀರು ಕೇಳಿದಾಗ ನಮ್ಮ ಅತ್ತೆ ತಂಬಿಗೆಯನ್ನು ಎತ್ತರದಿಂದ ಬಗ್ಗಿಸಿ ಬೊಗಸೆಗೆ ಸುರಿದರು. ನಾನು ಕಂಡೆ. ಅತ್ತೆಗೆ ಅಂಜಿ ಸುಮ್ಮನಿದ್ದೆ. ದಿನವೂ ಹಣೆಗೆ ವಿಭೂತಿ ಹಚ್ಚಿ ಲಿಂಗಪೂಜೆ ಮಾಡುವವಳು ನಾನು. ಕಂಡೂ ಸುಮ್ಮನಿದ್ದೆ. ಅವಳು ನೀರು ಕುಡಿದು ಬಾಯಿ ಒರೆಸಿಕೊಂಡು, "ಬರಗಾಲದಾಗ ನೀರು ಮ್ಯಾಲಿಂದ ಸುರದರ ಅರ್ಧ ನೆಲಕ್ಕ ಹೋಗ್ತದರಿ ಅತ್ತಿ, ಜರಾ ಕೆಳಗ ಹಿಡೀರಿ" ಎಂದಳು. ನಗುತ್ತಲೇ ಅಂದಳು. ಅತ್ತೆ ಒಳಗೆ ಹೋದರು.

ಕಾಕಾ ಬೇರೆ ಯಾರಿಂದಲೋ ಮೊದಲೇ ಒಂದು ನಮೂನೆ ಮಾಡಿಸಿಟ್ಟಿದ್ದರು. ತೆರೆದ ಕೂಡಲೇ ಘಂಟೆಯ ಸದ್ದು, ಶಾಲು ಹೊದ್ದ ಕಾಕಾನ ಚಿತ್ರ, ಕೆಳಗೆ ಸಮಿತಿಯವರ ಚಿತ್ರಗಳು, ಸುಸ್ವಾಗತ ಎಂಬ ಅಕ್ಷರಗಳು ಅತ್ತಿಂದಿತ್ತ ಓಡಾಡುತ್ತಿದ್ದವು. ವಿಶಾಖಾ ಅದನ್ನು ನೋಡಿದಳು. ನನ್ನನ್ನೂ ಓಣಿಯ ನಾಲ್ಕು ಹೆಂಗಸರನ್ನೂ ಭವನಕ್ಕೆ ಕರೆದು, ಒಬ್ಬೊಬ್ಬರ ಕೈಗೆ ಫೋನು ಕೊಟ್ಟು, "ನಾಳಿ ಟ್ಯಾಂಕರ್ ಎಷ್ಟಕ್ಕ ಬರ್ತದ, ಇದರಾಗ ಹುಡುಕ್ರಿ ನೋಡಮು" ಎಂದು ಕೈಗಳ ಮೇಲೆ ಕೂತಳು.

ನನಗೆ ಅಂಜಿಕೆ. ಎಲ್ಲಿ ಒತ್ತಿದರೆ ಏನು ಕೆಡುತ್ತದೋ! ಒತ್ತಿದಲ್ಲೆಲ್ಲ ಕಾಕಾನ ಮುಖವೇ ದೊಡ್ಡದಾಗಿ ಬರುತ್ತಿತ್ತು. ಪಕ್ಕದಲ್ಲಿದ್ದ ಈರಮ್ಮ, "ಯಾಕ್ರಿ ಕಾಕಾ, ನೀರು ಕೇಳಿದ್ರ ನೀವೇ ಬರ್ಲತ್ತೀರಿ?" ಎಂದಾಗ ಭವನವೆಲ್ಲ ನಕ್ಕಿತು. ಕಾಕಾ ಸಿಟ್ಟಿಗೆದ್ದು ಹೊರಗೆ ಹೋಗಿ ಬೀಡಿ ಹಚ್ಚಿದರು. ಐವರಲ್ಲಿ ಒಬ್ಬರಿಗೂ ಟ್ಯಾಂಕರ್ ಸಿಗಲಿಲ್ಲ.

"ನಾವೇ ದಡ್ಡರು ಬಿಡವ್ವ" ಎಂದೆ.

"ಹಂಗನಬ್ಯಾಡ್ರಿ" ಎಂದಳು. ಆಗ ಮಾತ್ರ ಅವಳ ದನಿ ಗಡುಸಾಗಿತ್ತು. "ಬಾಗಿಲ ಸಣ್ಣದಾಗಿ ಕಟ್ಟಿ, ತಲಿ ಬಡೀತು ಅಂದ್ರ ಬಂದವರದ ತಪ್ಪೇನು? ಕಟ್ಟಿದವರದು. ಹೇಳ್ರಿ, ಊರು ಬಿಟ್ಟು ಹೋದವರಿಗಿ ಇದನ್ನ ತೆರದ ಕೂಡಲೇ ಏನು ಕಾಣಬೇಕು?"

ಎಲ್ಲರೂ ಒಂದೊಂದು ಹೇಳಿದರು. ಉಳಿದವಳು ನಾನೊಬ್ಬಳು. ಅವಳು ನನ್ನನ್ನೇ ನೋಡಿದಾಗ, "ಅವರಿಗಿ ಅವರವರ ಬಾಗಿಲ ಕಾಣಬೇಕು ನೋಡು" ಎಂದೆ. ಬಾಯಿಗೆ ಬಂದದ್ದು ಅಂದೆ, ಅಷ್ಟೇ. ಅವಳು ತೊಡೆಯ ಕೆಳಗಿನ ಕೈ ತೆಗೆದು ನನ್ನ ಎರಡೂ ಕೈ ಹಿಡಿದಳು.

ಮುಂದಿನ ಶನಿವಾರ ಅವಳು ಹನ್ನೊಂದು ಮನೆಗಳ ಬಾಗಿಲುಗಳ ಚಿತ್ರ ತೆಗೆದಳು. ವೆಬ್‌ಸೈಟಿನ ಮೊದಲ ಪುಟದಲ್ಲಿ ಮೇಲೆ ಟ್ಯಾಂಕರಿನ ಚಿತ್ರ, ಪಕ್ಕದಲ್ಲಿ ಗಡಿಯಾರ. ರೇಷನ್ ಚೀಲ, ಪಕ್ಕದಲ್ಲಿ ವಾರ. ಅದರ ಕೆಳಗೆ ಬಾಗಿಲುಗಳ ಸಾಲು. ಹಸಿರು ಬಾಗಿಲು, ತಗಡಿನ ಬಾಗಿಲು, ಲಕ್ಷ್ಮೀಬಾಯಿಯ ಮನೆಯ ಕುಂಕುಮದ ಗುರುತಿನ ಬಾಗಿಲು. ಓದಲು ಬಾರದವನೂ ತನ್ನ ಬಾಗಿಲನ್ನು ಗುರುತಿಸುತ್ತಾನೆ. ಅದನ್ನು ಒತ್ತಿದರೆ ನನ್ನ ಧ್ವನಿ ಕೇಳುತ್ತದೆ. ಯಾಕೆಂದರೆ ಆ ಹನ್ನೊಂದು ಮನೆಗಳ ಕೀಲಿಕೈ ಇದ್ದದ್ದು ನನ್ನ ಹತ್ತಿರ.

ನಮ್ಮಲ್ಲಿ ಊರು ಬಿಡುವವರು ಕೀಲಿಕೈಯನ್ನು ಜೊತೆಗೆ ಒಯ್ಯುವುದಿಲ್ಲ. ಒಯ್ದರೆ ಮನೆ ಮತ್ತೆ ಕರೆಯುವುದಿಲ್ಲ ಎನ್ನುತ್ತಾರೆ. ನೆರೆಯವರ ಕೈಗೆ ಕೊಟ್ಟು, ಹಿಂದಿರುಗಿ ನೋಡದೆ ಹೋಗಬೇಕು. ನಾನು ಒಂದೊಂದಕ್ಕೂ ಆಯಾ ಮನೆಯವಳ ಸೀರೆಯ ಅಂಚಿನ ಚಿಂದಿ ಕಟ್ಟಿ ದೇವರ ಜಗಲಿಯ ಪಕ್ಕ ಮೊಳೆಗಳಿಗೆ ತೂಗುಹಾಕಿದ್ದೆ. ಸೋಮವಾರ ಒಂದೊಂದೇ ಮನೆ ತೆರೆದು, ಕಸ ಹೊಡೆದು, ದೀಪ ಹಚ್ಚಿ, ಅದು ಆರುವವರೆಗೂ ಕೂತು ಬರುತ್ತಿದ್ದೆ. ಅಲ್ಲೇ ನಿಂತು ಫೋನಿಗೆ ಮಾತು ತುಂಬಿಸುವುದನ್ನು ವಿಶಾಖಾ ಕಲಿಸಿದಳು. ಪ್ರತಿ ಬಾಗಿಲಿನ ಕೆಳಗೆ ಒಂದು ಪುಟ್ಟ ಹಣತೆಯ ಚಿತ್ರ ಇಟ್ಟಿದ್ದಳು. ನನ್ನ ಮಾತನ್ನು ಯಾರಾದರೂ ಕೇಳಿದರೆ ಹಣತೆ ಹೊತ್ತುತ್ತದೆ. ಮುಂದಿನ ಸೋಮವಾರ ಹೊಸ ಮಾತು ತುಂಬಿಸಿದರೆ ಆರುತ್ತದೆ.

"ನೀವು ಹೇಳಿದ್ದು ಅವರಿಗಿ ಮುಟ್ಟಿತೋ ಇಲ್ಲೋ, ನಿಮಗೂ ಗೊತ್ತಾಗಬೇಕಲ್ಲಕ್ಕ" ಎಂದಳು.

ನಾನು ಮಲಗುವ ಮುನ್ನ ಆ ದಿನದ ಸಣ್ಣ ಸಣ್ಣ ಕೃಪೆಗಳನ್ನು ಬೆರಳಲ್ಲಿ ಎಣಿಸುವವಳು. ಕೊಡ ತುಂಬಿತು, ಒಂದು. ಅತ್ತೆಗೆ ಕೆಮ್ಮು ಬರಲಿಲ್ಲ, ಎರಡು. ಆ ದಿನಗಳಲ್ಲಿ ಹಣತೆಗಳೂ ಎಣಿಕೆಗೆ ಸೇರಿದವು. ಬುಧವಾರದ ಹೊತ್ತಿಗೆ ಹನ್ನೊಂದೂ ಹೊತ್ತಿರುತ್ತಿದ್ದವು. ಎರಡು ಕೈಗಳ ಬೆರಳು ಸಾಲುತ್ತಿರಲಿಲ್ಲ.

ತಪ್ಪು ನನ್ನಿಂದಲೇ ಆಯಿತು. "ಕೀಲಿಕೈ ಯಾರತ್ರ ಅದ ಅಂತ ಬಾಗಿಲ ಕೆಳಗ ಬರೀ ವಿಶಾಖಾ. ಒಂದ್ಯಾಳಿ ಅವರ ಅಣ್ಣತಮ್ಮರು ಬಂದ್ರ ಹುಡುಕಬಾರದು" ಎಂದೆ. ಅವಳು ಬರೆದಳು: ಕೀಲಿಕೈ, ಭವನದ ಎದುರು ಮನೆ, ನೀಲಮ್ಮ. ಊರಲ್ಲಿ ಅದು ಗುಟ್ಟಲ್ಲವಲ್ಲ. ಯಾರ ಕೀಲಿಕೈ ಯಾರಲ್ಲಿದೆ ಎಂದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅದರಲ್ಲಿ ಅಂಜುವುದೇನಿದೆ ಎಂದು ನನಗೂ ಹೊಳೆಯಲಿಲ್ಲ, ಅಷ್ಟು ಓದಿದ ಅವಳಿಗೂ ಹೊಳೆಯಲಿಲ್ಲ.

ಒಂದು ಮಂಗಳವಾರ ಬೆಳಿಗ್ಗೆ ಲಕ್ಷ್ಮೀಬಾಯಿಯ ಬಾಗಿಲಿನ ಹಣತೆ ಬೇಗನೇ ಹೊತ್ತಿತ್ತು. ಪುಣೆಯಲ್ಲಿ ಇಟ್ಟಿಗೆ ಹೊರುವವಳಿಗೆ ಇವತ್ತು ಬಿಡುವಾಗಿದೆ, ಕೇಳಿದ್ದಾಳೆ ಎಂದು ಖುಷಿಪಟ್ಟೆ. ಹತ್ತು ಗಂಟೆಯ ಸುಮಾರಿಗೆ ಮೋಟಾರ್ ಸೈಕಲ್ಲಿನ ಮೇಲೆ ಒಬ್ಬ ಬಂದ. ಇಸ್ತ್ರಿ ಮಾಡಿದ ಅಂಗಿ, ಕೊರಳಲ್ಲಿ ಟವೆಲು. ನಮ್ಮ ಕಡೆಯವನಲ್ಲ ಎನ್ನಿಸುವಂತೆಯೂ ಇರಲಿಲ್ಲ.

"ನೀಲಮ್ಮ ಅಕ್ಕೋರು ನೀವೇ ಅಲ್ಲರಿ? ಲಕ್ಷ್ಮೀಬಾಯಿ ಕಳಸ್ಯಾಳ. ಮನ್ಯಾಗಿಂದು ಜರಾ ಸಾಮಾನು ಒಯ್ಯಬೇಕು. ಕೀಲಿಕೈ ಕೊಡ್ರಿ."

"ಯಾವ ಸಾಮಾನಪ್ಪ?"

ಅವನು ಫೋನು ತೆಗೆದು ಒತ್ತಿದ. ಅಂಗಳದ ಬಿಸಿಲಲ್ಲಿ ನನ್ನದೇ ಧ್ವನಿ ನನಗೆ ಕೇಳಿಸಿತು: "ಲಕ್ಷ್ಮೀ, ನಾ ನೀಲಮ್ಮ ವೈನಿ ಮಾತಾಡ್ಲತ್ತೀನಿ. ಮನಿ ಉಡುಗೀನಿ. ಸಿಲಿಂಡರ್ ಅದ, ಹೊಲಿಗಿ ಮಷೀನ್ ಅದ, ಗ್ವಾಡಿ ಅಲಮಾರಿ ಹ್ಯಾಂಗಿತ್ತೋ ಹಂಗೇ ಕೀಲಿ ಹಾಕಿದ್ದದ. ಫಿಕರ್ ಮಾಡಬ್ಯಾಡ."

"ಇವೇ ಸಾಮಾನು" ಎಂದ ಅವನು.

ಬೆಳಗಿನ ಹಣತೆ ಹಚ್ಚಿದವನು ಇವನು. ಪುಣೆಯಲ್ಲಿರುವವಳಿಗೆ ಧೈರ್ಯ ಬರಲೆಂದು ನಾನು ಆಡಿದ ಮಾತೆಲ್ಲ ಇವನ ಕಿವಿಗೆ ಬಿದ್ದಿದೆ. ಹನ್ನೊಂದು ಮನೆಗಳಲ್ಲಿ ಏನಿದೆ, ಎಲ್ಲಿದೆ ಎಂದು ನನ್ನ ಬಾಯಿಂದಲೇ ಹೇಳಿಟ್ಟಿದ್ದೇನೆ. ಆದರೂ ನೋಡಿ, ಬಂದವರು ಕೇಳಿದಾಗ ಇಲ್ಲ ಎನ್ನಲು ನನಗೆ ಬರುವುದಿಲ್ಲ. ಖರೆಗೂ ಲಕ್ಷ್ಮಿಯೇ ಕಳಿಸಿದ್ದರೆ? ಸುಳ್ಳು ಎಂದರೆ ಅವಮಾನವಾಗುವುದಿಲ್ಲವೇ? ಕೈ ತಾನಾಗಿ ಜಗಲಿಯ ಕಡೆ ಏಳುತ್ತಿತ್ತು.

ಆಗ ಏನು ತೋಚಿತೋ. ಹೊಸ್ತಿಲ ಮೇಲೆ ಕೂತುಬಿಟ್ಟೆ. ಎರಡೂ ಕೈ ತೊಡೆಗಳ ಕೆಳಗೆ ಇಟ್ಟುಕೊಂಡು ಅವುಗಳ ಮೇಲೆ ಗಟ್ಟಿಯಾಗಿ ಕೂತೆ.

"ಲಕ್ಷ್ಮೀ ನನಗ ಫೋನ್ ಮಾಡ್ಲಿ. ಆಮ್ಯಾಲ ಕೊಡ್ತೇನಿ" ಎಂದೆ.

"ಅಕಿನ ಫೋನ್ ಬಂದ್ ಅದರಿ."

"ಚಾಲೂ ಆದಾಗ ಮಾಡ್ಲಿ."

ಅವನು ನನ್ನನ್ನೂ ನನ್ನ ಹಿಂದಿನ ಜಗಲಿಯನ್ನೂ ನೋಡಿದ. ಫೋನಿನಲ್ಲಿ ಬಾಗಿಲುಗಳನ್ನು ಹೆಬ್ಬೆರಳಿಂದ ಒಂದೊಂದೇ ಸರಿಸಿದ. ಆಮೇಲೆ ಮೆಲ್ಲಗೆ, "ಹನ್ನೊಂದೂ ನಿಮ್ಮತ್ರನೇ ಅವ ಅಲ್ಲಕ್ಕ?" ಎಂದ. ಗಾಡಿ ತಿರುಗಿಸಿಕೊಂಡು ಹೋದ. ಧೂಳಿನಲ್ಲಿ ನಂಬರು ಕಾಣಲಿಲ್ಲ.

ಸ್ವಲ್ಪ ಹೊತ್ತಿಗೆ ಲಕ್ಷ್ಮಿಗೆ ಫೋನು ಹತ್ತಿತು. "ನಾ ಯಾರ್‍ನ ಕಳಸಲಿ ವೈನಿ? ನನಗ ಯಾರ್ ಅದಾರ?" ಎಂದಳು. ಬಾಗಿಲುಗಳನ್ನು ಅಳಿಸಿ ಎಂದು ಕಾಕಾನಿಗೆ ಹೇಳಿದರೆ, "ಅದನ್ನ ತೆಗಿಯೋದು ಆ ಹುಡುಗಿಗೇ ಗೊತ್ತು" ಎಂದರು. ವಿಶಾಖಾಳ ಫೋನು ಬಂದ್ ಆಗಿತ್ತು. ಆ ವಾರ ಅವಳು ರಜೆ ಹಾಕಿ ಔರಾದದಲ್ಲಿದ್ದಳು. ಅವಳ ಮನೆ ಬಸ್ ನಿಲ್ದಾಣದ ಹಿಂದೆ, ಬುದ್ಧ ವಿಹಾರದ ಬಾಜೂಕೆ ಎಂದಷ್ಟೇ ನನಗೆ ಗೊತ್ತಿತ್ತು.

ಮದುವೆಯಾದ ಮೇಲೆ ಒಬ್ಬಳೇ ಬಸ್ಸು ಹತ್ತಿದವಳಲ್ಲ ನಾನು. ಅತ್ತೆಗೆ ಒಳಗಿಂದ ಚಿಲಕ ಹಾಕಿಕೊಳ್ಳಲು ಹೇಳಿ, ಹನ್ನೊಂದು ಕೀಲಿಕೈಗಳನ್ನೂ ಉಡಿಯಲ್ಲಿ ಕಟ್ಟಿಕೊಂಡು ಹೊರಟೆ. ಭಾಲ್ಕಿಯಲ್ಲಿ ಬಸ್ಸು ಬದಲಿಸಿದೆ. ದಾರಿಯುದ್ದಕ್ಕೂ ಮೋಟಾರ್ ಸೈಕಲ್ಲಿನ ಸದ್ದು ಕೇಳಿದಾಗಲೆಲ್ಲ ಉಡಿ ಒತ್ತಿ ಹಿಡಿಯುತ್ತಿದ್ದೆ. ಕೊರಳ ಲಿಂಗ ಹಿಡಿದು, "ನನ್ನಪ್ಪ, ನಾ ಹಿಂದಿರುಗುವ ತನಕ ಆ ಬಾಗಿಲುಗಳ ಮುಂದೆ ನೀನೇ ನಿಲ್ಲು" ಎಂದು ಬೇಡಿಕೊಂಡೆ.

ವಿಶಾಖಾ ಅಂಗಳದಲ್ಲಿ ಅವ್ವನ ಜೊತೆ ತೊಗರಿ ಹಸನು ಮಾಡುತ್ತಿದ್ದಳು. ನಾನು ಹೇಳಿ ಮುಗಿಸುವ ಮೊದಲೇ ಎದ್ದಳು. ಔರಾದದಲ್ಲಿ ಬೆಳಗಿನಿಂದ ಕರೆಂಟಿರಲಿಲ್ಲ. ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ ಮುಗಿಯುತ್ತ ಬಂದಿತ್ತು, ಅವ್ವನ ಫೋನಿಗೆ ಸಿಗ್ನಲ್ ಇಲ್ಲ. ಮಾಳಿಗೆ ಹತ್ತಿದೆವು. ಅವಳು ಕಾದ ನೆಲದ ಮೇಲೆ ಬರಿಗಾಲಲ್ಲೇ ಕೂತಳು. ನಾನು ಫೋನನ್ನು ಆಕಾಶಕ್ಕೆ ಎತ್ತಿ ಹಿಡಿದು ನಿಂತೆ. ಅಂದು ಅವಳು ಕೈಗಳ ಮೇಲೆ ಕೂರಲಿಲ್ಲ. ಆ ಕೈಗಳು ಕೆಲಸ ಮಾಡಿದ್ದನ್ನು ನಾನು ಅಂದೇ ಮೊದಲು ಕಂಡದ್ದು. ಕಾಳು ಹೆಕ್ಕುವ ಕೋಳಿಯ ಹಾಗೆ ಓಡುತ್ತಿದ್ದವು. ಸಿಗ್ನಲ್ ಬಂತು, ಹೋಯಿತು, ಮತ್ತೆ ಬಂತು. ಬಾಗಿಲುಗಳು ಒಂದೊಂದೇ ಮಾಯವಾದವು. ಹನ್ನೊಂದನೆಯದು ಹೋದಾಗ ಅವಳು ಉಸಿರು ಬಿಟ್ಟಳು. ಬೆನ್ನಲ್ಲೇ ಲ್ಯಾಪ್‌ಟಾಪೂ ಆರಿತು.

"ಎಲ್ಲಾರಿಗೂ ಸರಳ ಆಗಲಿ ಅಂತ ಮಾಡಿದೆ ಅಕ್ಕ" ಎಂದಳು. ಕಣ್ಣು ತುಂಬಿದ್ದವು. "ಎಲ್ಲಾರಿಗೂ ಅಂದ್ರ ಅದರಾಗ ಕಳ್ಳನೂ ಬರ್ತಾನ, ನನಗ ತಿಳೀಲಿಲ್ಲ."

"ಹೆಸರು ಬರೀ ಅಂದಾಕಿ ನಾನವ್ವ."

"ಅಂದವರು ನೀವು. ಬರದ ಕೈ ನಂದು."

ಕೆಳಗೆ ಇಳಿದಾಗ ಅವಳ ಅವ್ವ ತುಂಬಿದ ಗ್ಲಾಸು ನೀರನ್ನು ನನ್ನ ಕೈಗೇ ಕೊಟ್ಟರು. ಅವರ ಹಂಡೆಯಲ್ಲಿ ತಳ ಕಾಣುತ್ತಿತ್ತು. ಕುಡಿಯುವಾಗ ನಮ್ಮತ್ತೆಯ ಎತ್ತರದ ತಂಬಿಗೆ ನೆನಪಾಯಿತು. ಸಂಜೆ ಮನೆಗೆ ಬಂದು ಅದನ್ನು ಅತ್ತೆಗೆ ಹೇಳಿದೆ. ಮನೆಗಳು ಹೇಗಿದ್ದವೋ ಹಾಗೇ ಇದ್ದವು.

ಶನಿವಾರ ವಿಶಾಖಾ ಬಂದಳು. ಮತ್ತೆ ಬಾಗಿಲುಗಳ ಚಿತ್ರ ತೆಗೆದಳು, ಆದರೆ ಈ ಸಲ ಒಂದಕ್ಕೂ ಬೀಗವಿಲ್ಲ. ನಾನು ಒಂದೊಂದೇ ಮನೆ ತೆರೆದು, ಒಳಗೆ ದೀಪ ಹಚ್ಚಿ, ಕದ ಅರ್ಧ ಸರಿಸಿ ನಿಲ್ಲುತ್ತಿದ್ದೆ. ಒಳಗೆ ಜನ ಇದ್ದಾರೆ ಎನ್ನಿಸಲೆಂದು ಅವಳು ಹೊಸ್ತಿಲ ಹೊರಗೆ ಒಂದು ಜೊತೆ ಚಪ್ಪಲಿ ಇಡುತ್ತಿದ್ದಳು. ನನ್ನವೇ ಚಪ್ಪಲಿ ಒಂದು ಮನೆಗೆ, ಅವಳವು ಇನ್ನೊಂದಕ್ಕೆ, ಈರಮ್ಮನವು ಮತ್ತೊಂದಕ್ಕೆ. ಕೀಲಿಕೈಯ ಮಾತು ಹೋಯಿತು. ಆಯಾ ಮನೆಯವರ ಫೋನಿಗಲ್ಲದೆ ಬೇರೆಯವರಿಗೆ ನನ್ನ ಧ್ವನಿ ಕೇಳದ ಹಾಗೆ ಮಾಡಿದಳು. ಎಲ್ಲವೂ ತೆರೆಯುವುದು ಭವನದ ಫೋನಿಗೆ ಮಾತ್ರ, ಅದು ನನ್ನ ಹತ್ತಿರ. ಅಂದು ಊಟಕ್ಕೆ ಕೂತಾಗ ಅತ್ತೆ ತಂಬಿಗೆ ತಂದು ಅವಳ ತಾಟಿನ ಪಕ್ಕ, ನೆಲದ ಮೇಲೆ ಇಟ್ಟರು. "ತಗೋ, ನೀನೇ ಬೇಕಾದಷ್ಟು ಹಾಕ್ಕೋ" ಎಂದರು.

ಆ ಮನುಷ್ಯ ಮತ್ತೆ ಬರಲಿಲ್ಲ. ಆದರೆ ನನ್ನ ಎದೆಯೊಳಗಿಂದ ಅವನು ಹೋಗಲೂ ಇಲ್ಲ. ಇವತ್ತಿಗೂ ಮೋಟಾರ್ ಸೈಕಲ್ ನಿಂತ ಸದ್ದಾದರೆ ಕೈ ಉಡಿಗೆ ಹೋಗುತ್ತದೆ.

ಬೇಸಿಗೆ ಬರುವಷ್ಟರಲ್ಲಿ ಬೀದರಿನ ತರಬೇತಿ ಕೇಂದ್ರ ಮುಚ್ಚಿತು. ಕಲಿಯಬೇಕಾದವರೆಲ್ಲ ದುಡಿಯಲು ಹೋಗಿದ್ದರು. ವಿಶಾಖಾ ಕೊನೆಯ ಸಲ ಬಂದದ್ದು ಶನಿವಾರವಲ್ಲ, ಒಂದು ಗುರುವಾರ. ನನ್ನ ಕೈಗೆ ಫೋನು ಕೊಟ್ಟು, ಟ್ಯಾಂಕರಿನ ಹೊತ್ತು ಬದಲಿಸು, ಮಾತು ತುಂಬಿಸು, ಚಿತ್ರ ಹಾಕು ಎಂದು ಒಂದೊಂದೇ ಹೇಳಿದಳು. ಎರಡು ಕಡೆ ತಪ್ಪಿದೆ. ಅವಳು ತುಟಿ ಕಚ್ಚಿಕೊಂಡು ಕೈಗಳ ಮೇಲೇ ಕೂತಿದ್ದಳು. ಕೊನೆಗೆ ಎಲ್ಲವನ್ನೂ ನಾನೇ ಮಾಡಿದೆ.

"ಪಾಸ್ ಆದ್ರಿ ಅಕ್ಕ. ಇನ್ನ ನಾ ಬೇಕಿಲ್ಲ" ಎಂದಳು. ಆಮೇಲೆ ಚೀಲದಿಂದ ಒಂದು ಕೀಲಿಕೈ ತೆಗೆದಳು. ನೀಲಿ ಸೀರೆಯ ಅಂಚಿನ ಚಿಂದಿ ಕಟ್ಟಿತ್ತು. "ಅವ್ವನ ಕರಕೊಂಡು ಪುಣೆಕ್ಕ ಹೊಂಟೀನಿ. ಅಲ್ಲೊಂದು ಆಫೀಸದಾಗ ಕೆಲಸ ಅದ. ಕೀಲಿಕೈ ಸಂಗಟ ಒಯ್ಯಬಾರದಂತಲ್ಲ, ನೀವೇ ಹೇಳೀರಿ."

"ಔರಾದದಾಗ ನೆರೆಹೊರೆಯವರು ಇಲ್ಲೇನವ್ವ?"

"ಅದಾರ. ಆದರ ಕಳ್ಳ ಬಂದಾಗ ಕೈ ಮ್ಯಾಲ ಕೂಡೋರು ಬೇಕಲ್ಲ. ತಿಂಗಳಿಗೊಮ್ಮಿ ಬಸ್ ಹತ್ರಿ ಸಾಕು. ದಾರಿ ನಿಮಗ ಗೊತ್ತದ."

ಜಗಲಿಯ ಪಕ್ಕ ಮೊಳೆ ಖಾಲಿ ಇರಲಿಲ್ಲ. ಅತ್ತೆ ಎದ್ದು ಒಳಗಿಂದ ಹೊಸದೊಂದು ಮೊಳೆ ತಂದು, ಕಲ್ಲಿನಿಂದ ತಾವೇ ಹೊಡೆದರು. ವಿಶಾಖಾ ಅತ್ತೆಯ ಕಾಲು ಮುಟ್ಟಿ, ಹಿಂದಿರುಗಿ ನೋಡದೆ ಬಸ್ಸು ಹತ್ತಿದಳು. ಪದ್ಧತಿ ಹಾಗೇ ತಾನೇ. ಆದರೂ ಒಮ್ಮೆ ನೋಡಬಹುದಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಔರಾದಕ್ಕೆ ಹೋಗಿ ಅವಳ ಮನೆಯ ಬಾಗಿಲು ತೆರೆದು, ದೀಪ ಹಚ್ಚಿ, ಹೊಸ್ತಿಲಲ್ಲಿ ನನ್ನ ಚಪ್ಪಲಿ ಇಟ್ಟು ಚಿತ್ರ ತೆಗೆದು ಸಾಲಿಗೆ ಸೇರಿಸಿದೆ. ಹನ್ನೆರಡನೆಯ ಬಾಗಿಲು. ಸೋಮವಾರಕ್ಕೊಂದು ಮಾತು ತುಂಬಿಸುತ್ತಿದ್ದೆ. ಎಷ್ಟೋ ತಿಂಗಳು ಅವಳ ಹಣತೆ ಎಲ್ಲರಿಗಿಂತ ಮೊದಲು ಹೊತ್ತುತ್ತಿತ್ತು.

ಮರುವರ್ಷ ಮಳೆ ಬಂತು. ಲಕ್ಷ್ಮೀಬಾಯಿ ಬಂದು ಕೀಲಿಕೈ ಒಯ್ದಳು, ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಬಂದರು. ಜಗಲಿಯ ಪಕ್ಕ ಈಗ ಒಂದೇ ಕೀಲಿಕೈ ಇದೆ. ಅದರ ಹಣತೆ ಹೊತ್ತಿ ಬಹಳ ದಿನವಾಯಿತು. ಫೋನು ಮಾಡಿದರೆ ಆ ನಂಬರು ಚಾಲ್ತಿಯಲ್ಲಿಲ್ಲ ಎನ್ನುತ್ತದೆ. ಫೋನು ಕಳೆದಿರಬಹುದು. ಕೆಲಸ ಹೆಚ್ಚಿರಬಹುದು. ಬೇರೆ ಏನೇನೋ ಇರಬಹುದು, ಅದನ್ನೆಲ್ಲ ನಾನು ಬಾಯಿಬಿಟ್ಟು ಹೇಳುವುದಿಲ್ಲ.

ಅತ್ತೆ ಮೊನ್ನೆ, "ಭವನದ ಫೋನ್ ನಿನ್ನತ್ರೇ ಅದಲ್ಲ. ಒಂದ್ಸಲ ನೀನೇ ಒತ್ತಿಬಿಡು ಹೋಗ್ಲಿ. ದೀಪ ಇಲ್ಲದ ಬಾಗಿಲ ನೋಡ್ಲಿಕ್ಕಾಗಲ್ಲ ನನಗ" ಎಂದರು. ಒತ್ತಿದರೆ ಹೊತ್ತುತ್ತದೆ. ನನಗೂ ಗೊತ್ತು. ದಿನವೂ ಪೂಜೆ ಮುಗಿಸಿ ಆ ಪುಟ ತೆರೆಯುತ್ತೇನೆ. ಅರ್ಧ ತೆರೆದ ಕದ, ಒಳಗೆ ಬೆಳಕು, ಹೊಸ್ತಿಲಲ್ಲಿ ನನ್ನ ಚಪ್ಪಲಿ, ಕೆಳಗೆ ಆರಿದ ಹಣತೆ. ಬೆರಳು ಅದರ ಕಡೆಗೇ ಹೋಗುತ್ತದೆ. ಆಗ ಫೋನನ್ನು ನೆಲದ ಮೇಲಿಟ್ಟು, ಎರಡೂ ಕೈಗಳನ್ನು ತೊಡೆಗಳ ಕೆಳಗೆ ಇಟ್ಟುಕೊಂಡು, ಅವುಗಳ ಮೇಲೆ ಗಟ್ಟಿಯಾಗಿ ಕೂರುತ್ತೇನೆ.